ರಾಯಚೂರಿನ ರೈಲು ಮತ್ತು ಬೆನ್ನಟ್ಟುವ ಕಣ್ಣು

1871ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಆಗ ರಾಯಚೂರು ನಿಜಾಮರ ಸೀಮೆ. ಇಂದಿಗೂ ಆ ಮಾರ್ಗ ದೇವಸುಗೂರಿನ ಸಮೀಪ ಕೃಷ್ಣೆಯನ್ನು ದಾಟಿಯೇ ರಾಯಚೂರಿಗೆ ಬರುತ್ತದೆ. ರೈಲಿನಿಂದ ಹತ್ತಿಯ ವ್ಯಾಪಾರ ಏನಾಯಿತು, ಊರುಗಳು ಹೇಗೆ ಬೆಳೆದವು ಎಂಬ ವಿಚಾರವನ್ನು ಚರಿತ್ರೆ ಬರೆಯುವವರು ಎತ್ತಿಕೊಳ್ಳುವುದು ವಾಡಿಕೆ. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಬದಲಾವಣೆಯೂ ಆಯಿತು. ಎತ್ತಿನ ಬಂಡಿಯ ವೇಗಕ್ಕೆ, ಹೆಚ್ಚೆಂದರೆ ಕುದುರೆಯ ವೇಗಕ್ಕೆ ಒಗ್ಗಿದ್ದ ಕಣ್ಣು ಕಿಟಕಿಯಾಚೆ ಇಡೀ ಲೋಕವೇ ಗಂಟೆಗಟ್ಟಲೆ ಹಿಂದಕ್ಕೆ ಓಡುವುದನ್ನು ನೋಡತೊಡಗಿತು. ಯುರೋಪಿನಲ್ಲಿ ಇದೇ ನೋಟ ಕಣ್ಣಿನ ಚಲನೆಯ ವಿಜ್ಞಾನಕ್ಕೆ ಮೊದಲ ದೊಡ್ಡ ಉದಾಹರಣೆಯನ್ನು ಒದಗಿಸಿತು. ಆ ಉದಾಹರಣೆ ಕಲಿಸಿದ್ದು ಅರ್ಧ ಪಾಠವನ್ನು ಮಾತ್ರ. ಉಳಿದರ್ಧ ಕಲಿಯಲು ವಿಜ್ಞಾನಕ್ಕೆ ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು ಎಂಬುದು ನನ್ನ ವಾದ. ಚಲಿಸುವ ವಸ್ತುವೊಂದನ್ನು ಕಣ್ಣು ನಯವಾಗಿ ಹಿಂಬಾಲಿಸುವಾಗ, ಅಕ್ಷಿಪಟಲದ ಮೇಲೆ ಜಾರುವ ಬಿಂಬ ಆ ಕೆಲಸಕ್ಕೆ ಚಾಲನೆ ಕೊಡುತ್ತದೆ, ನಿಜ. ಆದರೆ ಅದನ್ನು ಮುಂದುವರಿಸಿಕೊಂಡು ಹೋಗುವುದು ವಸ್ತು ಹೇಗೆ ಚಲಿಸುತ್ತಿದೆ, ಮುಂದೆ ಎಲ್ಲಿರುತ್ತದೆ ಎಂದು ಮಿದುಳು ಕಟ್ಟಿಕೊಂಡ ಅಂದಾಜು. ಉಳಿದರ್ಧ ಪಾಠವೆಂದರೆ ಇದೇ.

ರೈಲಿನಲ್ಲಿ ಕಿಟಕಿ ಪಕ್ಕ ಕುಳಿತು ಹೊರಗೆ ನೋಡುತ್ತಿರುವವರ ಕಣ್ಣನ್ನು ಎದುರು ಸೀಟಿನಿಂದ ಗಮನಿಸಿದರೆ ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಕಣ್ಣಾಲಿ ಒಂದು ಕಡೆಗೆ ಮೆಲ್ಲಗೆ ಸರಿಯುತ್ತದೆ, ಫಕ್ಕನೆ ಮರಳಿ ಜಿಗಿಯುತ್ತದೆ, ಮತ್ತೆ ಮೆಲ್ಲಗೆ ಸರಿಯುತ್ತದೆ. ನೋಡುತ್ತಿರುವವರಿಗೆ ತಮ್ಮ ಕಣ್ಣು ಹೀಗೆ ಕುಣಿಯುತ್ತಿರುವುದರ ಅರಿವೇ ಇರುವುದಿಲ್ಲ. ಬೊಹೀಮಿಯಾದ ಶರೀರವಿಜ್ಞಾನಿ ಯಾನ್ ಪುರ್ಕಿನ್ಯೆ ಇದನ್ನು ರೈಲಿಗೂ ಮೊದಲೇ ಕಂಡಿದ್ದ. ಸಾಲುಸಾಲಾಗಿ ಸಾಗುವ ಅಶ್ವದಳದ ಪೆರೇಡ್ ನೋಡುವವರ ಕಣ್ಣುಗಳ ಓಲಾಟವನ್ನು 1825ರಲ್ಲಿ ವರ್ಣಿಸಿದ. ಮುಂದೆ ಹರ್ಮನ್ ಹೆಲ್ಮ್‌ಹೋಲ್ಟ್ಸ್ ರೈಲಿನ ಪ್ರಯಾಣಿಕರಲ್ಲಿ ಅದನ್ನೇ ಗುರುತಿಸಿದ. ಅದಕ್ಕೆ ರೈಲ್ವೆ ನಿಸ್ಟಾಗ್ಮಸ್ ಎಂಬ ಹೆಸರೂ ಬಿತ್ತು. ಒಳಗಿವಿಯ ಸಮತೋಲನ ಅಂಗದ ಕುರಿತ ಕೆಲಸಕ್ಕೆ 1914ರ ನೊಬೆಲ್ ಪಡೆದ ರಾಬರ್ಟ್ ಬಾರಾನಿಯ ಹೆಸರಿನಲ್ಲಿ ಕಪ್ಪು ಬಿಳಿ ಪಟ್ಟೆಗಳ ಒಂದು ಡ್ರಮ್ ಆಸ್ಪತ್ರೆಗಳಿಗೆ ಬಂತು. ಡ್ರಮ್ ತಿರುಗಿಸಿದರೆ ಸಾಕು, ರೈಲಿನ ಕಿಟಕಿ ರೋಗಿಯ ಮುಂದೆಯೇ ಸಿದ್ಧವಾಗುತ್ತಿತ್ತು. ಈ ಪ್ರಯೋಗಗಳಿಂದ ಹೊಮ್ಮಿದ ತೀರ್ಮಾನ ಸರಳವಾಗಿತ್ತು: ದೃಶ್ಯ ಜಾರಿದರೆ ಅದು ಕಣ್ಣನ್ನೂ ತನ್ನೊಡನೆ ಎಳೆದುಕೊಂಡು ಹೋಗುತ್ತದೆ, ಇದು ಇಚ್ಛೆಗೆ ಸೇರದ ಪ್ರತಿಕ್ರಿಯೆ. ಪಟ್ಟೆಗಳ ಡ್ರಮ್ಮಿಗೆ ಮೊಲವೂ ಹೀಗೆಯೇ ಕಣ್ಣು ಓಲಾಡಿಸುತ್ತದೆ. ಹಾಗಾಗಿ ತೀರ್ಮಾನ ಇನ್ನಷ್ಟು ಗಟ್ಟಿಯಾಗಿ ಕಂಡಿತು.

ಆದರೆ ಅದೇ ಕಿಟಕಿ ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. ರೈಲು ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎಂದಿಟ್ಟುಕೊಳ್ಳಿ. ಹಳಿಯಿಂದ 5 ಮೀಟರ್ ದೂರದ ಕಂಬ ನೇರ ಎದುರಿಗೆ ಬಂದಾಗ ಕಣ್ಣಿನ ಲೆಕ್ಕದಲ್ಲಿ ಸೆಕೆಂಡಿಗೆ 300 ಡಿಗ್ರಿಗೂ ಮಿಕ್ಕಿ ಸರಿಯುತ್ತದೆ. 50 ಮೀಟರ್ ಆಚೆಯ ಬೇವಿನ ಮರದ ವೇಗ ಸುಮಾರು 32 ಡಿಗ್ರಿ. ಒಂದು ಕಿ.ಮೀ. ದೂರದ ಗುಡ್ಡದ್ದು 2 ಡಿಗ್ರಿಗೂ ಕಡಿಮೆ. ಮನುಷ್ಯನ ಕಣ್ಣು ಸೆಕೆಂಡಿಗೆ 30 ಡಿಗ್ರಿಯವರೆಗೆ ಸಲೀಸಾಗಿ ಹಿಂಬಾಲಿಸುತ್ತದೆ. ಅದರಾಚೆ ಹಿಂದೆ ಬೀಳುತ್ತಾ ಹೋಗುತ್ತದೆ. ಹತ್ತಿರದ ಕಂಬ ಯಾರ ಕೈಗೂ ಸಿಗುವಂಥದ್ದಲ್ಲ. ಆದರೆ ನದಿಯಾಚೆ ಗದ್ದೆಯ ಬದುವಿನ ಮೇಲೆ ನಡೆಯುತ್ತಿರುವ ಒಬ್ಬ ರೈತನನ್ನು ಆಯ್ದುಕೊಂಡು, ಮುಂದೆ ಓಡುವ ಕಂಬ, ಗಿಡ, ತಂತಿಗಳನ್ನೆಲ್ಲ ಬದಿಗಿಟ್ಟು, ಅವನೊಬ್ಬನ ಮೇಲೆ ಕಣ್ಣು ನೆಡಬಹುದು. ದೃಶ್ಯದ ಬಹುಪಾಲು ಒಂದು ವೇಗದಲ್ಲಿ ಜಾರುತ್ತಿರುವಾಗ ಕಣ್ಣು ಬೇರೆಯೇ ವೇಗದಲ್ಲಿ ಸಾಗುತ್ತದೆ. ಜಾರುವ ಬಿಂಬಕ್ಕೆ ಕಣ್ಣು ದಾಸನಾಗಿದ್ದರೆ ಇದು ಆಗಬಾರದಿತ್ತು. ಮೊಲಕ್ಕೆ ಇದು ಆಗುವುದೂ ಇಲ್ಲ. ಅದರ ಅಕ್ಷಿಪಟಲದಲ್ಲಿ ನಮ್ಮಲ್ಲಿರುವಂಥ ಫೋವಿಯಾ ಇಲ್ಲ, ಚಿಕ್ಕ ವಸ್ತುವೊಂದನ್ನೇ ಆಯ್ದು ಬೆನ್ನಟ್ಟುವ ಕಸುಬೂ ಇಲ್ಲ. ಫೋವಿಯಾ, ಅಂದರೆ ತೀರಾ ಸೂಕ್ಷ್ಮವಾಗಿ ನೋಡಬಲ್ಲ ಕಿರಿದಾದ ಜಾಗ, ಅಕ್ಷಿಪಟಲದಲ್ಲಿರುವ ಕೋತಿ, ಮನುಷ್ಯರಂಥವರಿಗೆ ಮಾತ್ರ ಆ ಜಾಗದ ಮೇಲೆ ಗುರಿಯನ್ನು ನಿಲ್ಲಿಸಿಕೊಳ್ಳುವ ಈ ಕಲೆ ಇಷ್ಟು ಚೆನ್ನಾಗಿ ಸಿದ್ಧಿಸಿದೆ. ಮಗು ಹುಟ್ಟಿದಾಗ ಅದಕ್ಕೂ ಇದು ಬರುವುದಿಲ್ಲ. ತೊಟ್ಟಿಲ ಮೇಲೆ ಆಡಿಸಿದ ಗಿಲಕಿಯನ್ನು ಮೊದಲ ವಾರಗಳಲ್ಲಿ ಅದು ಜಿಗಿಜಿಗಿದು ನೋಡುತ್ತದೆ. ಎರಡು ಮೂರು ತಿಂಗಳಾಗುವ ಹೊತ್ತಿಗೆ ನಯವಾಗಿ ಹಿಂಬಾಲಿಸಲು ಕಲಿಯುತ್ತದೆ.

ನೆಗೆತ, ನಯವಾದ ಹಿಂಬಾಲನೆ ಎಂದು ಎಲ್ಲರ ಮುಖದಲ್ಲೂ ನಡೆಯುತ್ತಿದ್ದ ಈ ಎರಡು ಬಗೆಯ ಚಲನೆಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಇಪ್ಪತ್ತನೇ ಶತಮಾನವೇ ಬರಬೇಕಾಯಿತು. ಏಕೆ? ಬುದ್ಧಿವಂತರಿಗೆ ಕೊರತೆಯಿರಲಿಲ್ಲ. ಅಡ್ಡಿಯಿದ್ದದ್ದು ಮಿದುಳಿನ ಕಡೆಯಿಂದಲೇ. ಕನ್ನಡಿಯ ಮುಂದೆ ನಿಂತು ಎಡಗಣ್ಣನ್ನೂ ಬಲಗಣ್ಣನ್ನೂ ಸರದಿಯಂತೆ ನೋಡಿಕೊಂಡರೆ ನಮ್ಮ ಕಣ್ಣು ಸರಿಯುವುದು ನಮಗೆ ಕಾಣುವುದೇ ಇಲ್ಲ, ಪಕ್ಕದಲ್ಲಿ ನಿಂತವರಿಗೆ ಮಾತ್ರ ಕಾಣುತ್ತದೆ. ಕಣ್ಣು ನೆಗೆಯುವ ಕ್ಷಣದ ನೋಟವನ್ನು ಮಿದುಳು ನಮ್ಮ ಅರಿವಿಗೆ ಬಿಡುವುದಿಲ್ಲ. ಓದುವಾಗ ಕಣ್ಣು ಸಾಲಿನ ಮೇಲೆ ಸರಾಗವಾಗಿ ಹರಿಯುತ್ತದೆ ಎಂದು ಶತಮಾನಗಳ ಕಾಲ ನಂಬಿದ್ದು ಇದೇ ಕಾರಣಕ್ಕೆ. ಅದು ನೆಗೆನೆಗೆದು ಓದುತ್ತದೆ ಎಂದು ಪ್ಯಾರಿಸಿನ ಎಮಿಲ್ ಜಾವಲ್‌ನ ಪ್ರಯೋಗಾಲಯವೂ ಜರ್ಮನ್ ಶರೀರವಿಜ್ಞಾನಿ ಎವಾಲ್ಡ್ ಹೆರಿಂಗನೂ 1879ರ ಆಸುಪಾಸಿನಲ್ಲಿ ತೋರಿಸಿಕೊಟ್ಟರು. ಅಳೆದು ದಾಖಲಿಸುವ ಕೆಲಸ ಅಮೆರಿಕದ ರೇಮಂಡ್ ಡಾಜ್‌ನ ಪಾಲಿಗೆ ಬಂತು. ಅವನು ಹುಟ್ಟಿದ್ದು, ಕಾಕತಾಳೀಯವೆನ್ನಿ, ರಾಯಚೂರಿನಲ್ಲಿ ಹಳಿಗಳು ಕೂಡಿದ ವರ್ಷದಲ್ಲೇ.

ಡಾಜ್‌ಗಿಂತ ಹಿಂದಿನವರು ಕಣ್ಣಿನ ಮೇಲೆ ಪ್ಲಾಸ್ಟರಿನ ಪುಟ್ಟ ಬಟ್ಟಲು ಕೂರಿಸಿ, ಅದಕ್ಕೆ ಕಡ್ಡಿ ಕಟ್ಟಿ, ಮಸಿ ಬಳಿದ ಉರುಳೆಯ ಮೇಲೆ ಗೀರು ಮೂಡಿಸುತ್ತಿದ್ದರು. ಕಣ್ಣಿಗೆ ಅದು ಹಿಂಸೆ, ಬಟ್ಟಲಿನ ಭಾರಕ್ಕೆ ಚಲನೆಯೂ ಕೆಡುತ್ತಿತ್ತು. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾಜ್ ಮತ್ತು ಥಾಮಸ್ ಕ್ಲೈನ್ 1901ರಲ್ಲಿ ಬೇರೆ ದಾರಿ ಹಿಡಿದರು. ಕಾರ್ನಿಯಾದಿಂದ ಪ್ರತಿಫಲಿಸುವ ಬೆಳಕಿನ ಚುಕ್ಕೆಯನ್ನು ಕ್ಯಾಮೆರಾದ ಸಣ್ಣ ಸೀಳಿನ ಮೂಲಕ ಹಾಯಿಸಿ, ಸೀಳಿನ ಹಿಂದೆ ಫೋಟೋ ಫಲಕವೊಂದು ಒಂದೇ ಹದದ ವೇಗದಲ್ಲಿ ಕೆಳಗೆ ಇಳಿಯುವಂತೆ ಮಾಡಿದರು. ಕಣ್ಣನ್ನು ಯಾವ ವಸ್ತುವೂ ಮುಟ್ಟಬೇಕಿರಲಿಲ್ಲ. ಕಣ್ಣು ಅಲುಗಾಡದಿದ್ದರೆ ಫಲಕದ ಮೇಲೆ ನೇರ ಗೆರೆ; ನೆಗೆದರೆ ಹಠಾತ್ತನೆ ಮುರಿದ ಗೆರೆ; ತೂಗುವ ಲೋಲಕವನ್ನು ಹಿಂಬಾಲಿಸಿದರೆ ಅಲೆಯಂತೆ ಬಳುಕುವ ಗೆರೆ. 1903ರ ಪ್ರಬಂಧದಲ್ಲಿ ಡಾಜ್ ಕಣ್ಣಿನ ಅಡ್ಡ ಚಲನೆಗಳನ್ನು ಐದು ಬಗೆಯಾಗಿ ವಿಂಗಡಿಸಿದ. ತಲೆ ತಿರುಗಿದಾಗ ನೋಟವನ್ನು ಕಾಯುವ ಚಲನೆಗಳು, ಹತ್ತಿರದ್ದನ್ನು ನೋಡಲು ಎರಡೂ ಕಣ್ಣು ಒಳಸರಿಯುವುದು, ನೆಗೆತ, ಜೊತೆಗೆ ನಮ್ಮ ವಿಷಯವಾದ ಬೆನ್ನಟ್ಟುವಿಕೆ. ಇಂದಿನ ನರವಿಜ್ಞಾನದ ಪಠ್ಯಗಳಲ್ಲಿರುವ ವಿಂಗಡಣೆಯ ಬುನಾದಿ ಅದೇ. ರೈಲಿನ ಕಿಟಕಿಯಲ್ಲಿ ಒಟ್ಟಿಗೆ ಹೆಣೆದುಕೊಂಡಿದ್ದ ಎಳೆಗಳನ್ನು ಬಿಡಿಸಿ ಇಟ್ಟ ಈ ಕೆಲಸವನ್ನು ನಾನು ಆ ಶತಮಾನದ ದೊಡ್ಡ ಕೆಲಸಗಳ ಸಾಲಿಗೇ ಸೇರಿಸುತ್ತೇನೆ.

ವಿಂಗಡಿಸಿದ ಮಾತ್ರಕ್ಕೆ ಕಾರಣ ತಿಳಿಯಲಿಲ್ಲ. ಬೆನ್ನಟ್ಟುವ ಚಲನೆಯನ್ನು ಎಬ್ಬಿಸುವುದು ಯಾವುದು? ಗುರಿ ಫೋವಿಯಾದಿಂದ ದೂರ ಸರಿದದ್ದೋ, ಅದು ಚಲಿಸುತ್ತಿರುವ ವೇಗವೋ? ಎರಡೂ ಒಟ್ಟೊಟ್ಟಿಗೇ ಆಗುವುದರಿಂದ ಬೇರ್ಪಡಿಸುವುದು ಕಷ್ಟವಾಗಿತ್ತು. ಎರಡನೇ ಮಹಾಯುದ್ಧ ಇಲ್ಲಿ ಅನಿರೀಕ್ಷಿತವಾಗಿ ನೆರವಿಗೆ ಬಂತು. ಹಾರುವ ವಿಮಾನಕ್ಕೆ ತೋಪನ್ನು ತಾನಾಗಿ ಗುರಿಯಿಡಿಸುವ ಯಂತ್ರಗಳ ಗಣಿತ ಆಗ ಬೆಳೆಯಿತು. ಗುರಿಗೂ ತನಗೂ ಇರುವ ತಪ್ಪನ್ನು ಅಳೆದು ತಿದ್ದಿಕೊಳ್ಳುತ್ತಾ ಹೋಗುವ ವ್ಯವಸ್ಥೆಗಳ ಲೆಕ್ಕಾಚಾರ ಕಲಿತ ಪೀಳಿಗೆ ಯುದ್ಧ ಮುಗಿದ ಮೇಲೆ ಜೀವಶರೀರದ ಕಡೆ ತಿರುಗಿತು. 1954ರಲ್ಲಿ ಜೆರಾಲ್ಡ್ ವೆಸ್ಟ್‌ಹೈಮರ್, ಗುರಿಯ ಓಲಾಟಕ್ಕೆ ಒಂದು ಕ್ರಮವಿದ್ದರೆ ಕಣ್ಣು ತಡಮಾಡದೆ ಅದರೊಡನೆಯೇ ಸಾಗುತ್ತದೆ ಎಂದು ತೋರಿಸಿದ. 1961ರಲ್ಲಿ ಇಂಗ್ಲೆಂಡಿನ ಸಿರಿಲ್ ರಾಶ್‌ಬಾಸ್ ಒಂದು ಜಾಣ ಪ್ರಯೋಗ ಹೂಡಿದ. ಚುಕ್ಕೆಯನ್ನು ಮೊದಲು ಫಕ್ಕನೆ ಬಲಕ್ಕೆ ಜಿಗಿಸಿ, ಆ ಕ್ಷಣವೇ ಎಡಕ್ಕೆ ಸಮವೇಗದಲ್ಲಿ ಸರಿಸತೊಡಗಿದ. ಚುಕ್ಕೆ ಇರುವ ಜಾಗ ಬಲಕ್ಕೆ, ಅದರ ವೇಗ ಎಡಕ್ಕೆ. ಜಾಗವೇ ಮುಖ್ಯವಾಗಿದ್ದರೆ ಕಣ್ಣು ಮೊದಲು ಬಲಕ್ಕೆ ಹೋಗಬೇಕು. ಹೋಗಲಿಲ್ಲ. ಚುಕ್ಕೆ ಇನ್ನೂ ಬಲಗಡೆ ಇರುವಾಗಲೇ ಕಣ್ಣು ಎಡಕ್ಕೆ ನಯವಾಗಿ ಸರಿಯತೊಡಗಿತು, ಅಂದರೆ ಗುರಿಯಿಂದ ದೂರಕ್ಕೆ! ಚುಕ್ಕೆ ಬಂದು ಅದನ್ನು ಕೂಡಿಕೊಂಡಿತು. ಬೆನ್ನಟ್ಟುವಿಕೆಯ ಆಹಾರ ವೇಗ, ನೆಗೆತದ ಆಹಾರ ಜಾಗ ಎಂಬುದು ಇದರಿಂದ ನಿಶ್ಚಯವಾಯಿತು. ಬಾರ್ಬಿಚುರೇಟ್ ಮದ್ದು ಕೊಟ್ಟರೆ ಬೆನ್ನಟ್ಟುವಿಕೆ ಅಳಿಸಿಹೋಗಿ ನೆಗೆತ ಉಳಿಯುತ್ತದೆ ಎಂದೂ ಅವನೇ ಕಂಡ. ಎರಡಕ್ಕೂ ಮಿದುಳಿನಲ್ಲಿ ಬೇರೆ ಬೇರೆ ಯಂತ್ರಾಂಗವಿರಬೇಕೆಂಬ ಮಾತಿಗೆ ಅದು ಇನ್ನೊಂದು ಆಧಾರ.

ಮುಂಬಯಿಯ ಜೆ.ಜೆ. ಆಸ್ಪತ್ರೆಯ ನರರೋಗ ತಜ್ಞ ನೋಶಿರ್ ವಾಡಿಯಾ ಇದೇ ಮಾತಿಗೆ ಹತ್ತು ವರ್ಷಗಳ ನಂತರ ರೋಗಿಯ ಹಾಸಿಗೆಯ ಪಕ್ಕದಿಂದಲೇ ಬೆಂಬಲ ಒದಗಿಸಿದರು. 1971ರಲ್ಲಿ ಅವರು ಆರ್.ಕೆ. ಸ್ವಾಮಿ ಅವರೊಡನೆ ಬ್ರೇನ್ ಪತ್ರಿಕೆಯಲ್ಲಿ ಒಂಬತ್ತು ಕುಟುಂಬಗಳನ್ನು ವರ್ಣಿಸಿದರು. ಆ ಕುಟುಂಬಗಳಲ್ಲಿ ಕಿರುಮಿದುಳು ಸವೆದು ನಡಿಗೆ ತೂರಾಡುವ ಆನುವಂಶಿಕ ಕಾಯಿಲೆಯ ಜೊತೆಗೆ ಕಣ್ಣಿನ ನೆಗೆತವೂ ವಿಚಿತ್ರವಾಗಿ ನಿಧಾನವಾಗಿತ್ತು. ಆರೋಗ್ಯವಂತರಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ನೆಗೆತ ಅವರಲ್ಲಿ ತೆವಳುತ್ತಿತ್ತು. ಇಂಥ ರೋಗಿಗಳಲ್ಲಿ ನೆಗೆತ ಹಾಳಾದಷ್ಟು ಬೇಗ ಬೆನ್ನಟ್ಟುವಿಕೆ ಹಾಳಾಗುವುದಿಲ್ಲ. ಈ ಕಾಯಿಲೆಯನ್ನು ಮುಂದೆ ಎಸ್‌ಸಿಎ-2 ಎಂಬ ವಂಶವಾಹಿ ದೋಷದೊಡನೆ ಗುರುತಿಸಲಾಯಿತು. ಭಾರತದ ವೈದ್ಯರು ಬರಿಗಣ್ಣಿನಿಂದ ನೋಡಿ ಜಗತ್ತಿಗೆ ಕೊಟ್ಟ ಇಂಥ ಕಾಣಿಕೆಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ದೊಡ್ಡ ಜಾಗ ಪಡೆಯಬೇಕು.

ವೇಗವೇ ಆಹಾರ ಎಂದೊಡನೆ ಒಂದು ಗಂಟು ಎದುರಾಗುತ್ತದೆ. ಕಣ್ಣಿನ ಮೇಲೆ ತಂತಿಸುರುಳಿಯ ಲೆನ್ಸ್ ಕೂರಿಸಿ ಕಾಂತಕ್ಷೇತ್ರದಲ್ಲಿ ಅದರ ಚಲನೆಯನ್ನು ಅತಿ ನಿಖರವಾಗಿ ಅಳೆಯುವ ವಿಧಾನವನ್ನು 1963ರಲ್ಲಿ ಕಂಡುಹಿಡಿದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡೇವಿಡ್ ರಾಬಿನ್ಸನ್, ಮೂಲತಃ ಎಲೆಕ್ಟ್ರಿಕಲ್ ಎಂಜಿನಿಯರ್, ಈ ಗಂಟನ್ನು ಚೆನ್ನಾಗಿ ಅರಿತಿದ್ದ. ಗುರಿ ಓಡಲು ಶುರುವಾದಾಗ ಬಿಂಬ ಅಕ್ಷಿಪಟಲದ ಮೇಲೆ ಜಾರುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಕಣ್ಣು ಹೊರಡುತ್ತದೆ. ಕಣ್ಣು ಗುರಿಯ ವೇಗವನ್ನು ಮುಟ್ಟಿತೆನ್ನಿ. ಆಗ ಬಿಂಬ ನಿಂತೇ ಬಿಡುತ್ತದೆ, ಜಾರುವಿಕೆ ಸೊನ್ನೆ. ತಪ್ಪು ಸೊನ್ನೆಯಾದ ಮೇಲೆ ತಪ್ಪನ್ನು ತಿದ್ದುವ ಯಂತ್ರ ನಿಲ್ಲಬೇಕಲ್ಲವೇ? ನಿಲ್ಲುವುದಿಲ್ಲ, ಕಣ್ಣು ಸಾಗುತ್ತಲೇ ಇರುತ್ತದೆ. ಪ್ರತಿ ಸಲ ತುಸು ಹಿಂದೆ ಬಿದ್ದು ಮತ್ತೆ ಹಿಡಿಯುತ್ತದೆ, ಅಷ್ಟೇ ಸಾಕು ಎನ್ನುವವರಿಗೆ ಎಂಜಿನಿಯರುಗಳ ಉತ್ತರ ಸಿದ್ಧವಿತ್ತು. ಸಂದೇಶ ತಲುಪಲು ಇಷ್ಟು ತಡವಾಗುವ ವ್ಯವಸ್ಥೆ ಬರೀ ತಪ್ಪನ್ನು ನಂಬಿಕೊಂಡು ಅಷ್ಟು ಬಿಗಿಯಾಗಿ ಗುರಿಯನ್ನು ಹಿಡಿಯಹೊರಟರೆ ಅತ್ತಿತ್ತ ಹೊಯ್ದಾಡಿ ಕೆಡುತ್ತದೆ. ಹಾಗಾದರೆ ಮಿದುಳು ಮಾಡುತ್ತಿರುವುದೇನು? 1975ರಲ್ಲಿ ಸ್ಯೋಜೊ ಯಾಸುಯಿ ಮತ್ತು ಲಾರೆನ್ಸ್ ಯಂಗ್ ಒಂದು ಉತ್ತರ ಮುಂದಿಟ್ಟರು, ರಾಬಿನ್ಸನ್ 1986ರಲ್ಲಿ ಅದನ್ನು ವಿವರವಾದ ಮಾದರಿಯಾಗಿ ಬೆಳೆಸಿದ. ಕಣ್ಣಿನ ಸ್ನಾಯುಗಳಿಗೆ ಆಜ್ಞೆ ಕಳಿಸುವಾಗ ಮಿದುಳು ಆ ಆಜ್ಞೆಯ ಒಂದು ಪ್ರತಿಯನ್ನು ತನ್ನ ಬಳಿಯೂ ಇಟ್ಟುಕೊಳ್ಳುತ್ತದೆ. ಅಕ್ಷಿಪಟಲದ ಮೇಲೆ ಉಳಿದ ಜಾರುವಿಕೆಗೆ ಆ ಪ್ರತಿಯನ್ನು ಕೂಡಿಸಿದರೆ ಸಿಗುವುದು ಹೊರಗಿನ ವಸ್ತುವಿನ ನಿಜವಾದ ವೇಗ. ಕಣ್ಣು ಹಿಂಬಾಲಿಸುವುದು ಆ ಲೆಕ್ಕವನ್ನು. ಬಿಂಬ ನಿಂತರೂ ಲೆಕ್ಕ ನಿಲ್ಲುವುದಿಲ್ಲ.

ಇದು ಕಾಗದದ ಮೇಲಿನ ಜಾಣತನವಷ್ಟೇ ಅಲ್ಲವೇ ಎಂಬ ಸಂಶಯ ನ್ಯಾಯವಾದದ್ದು. ಅದನ್ನು ಪರಿಹರಿಸುವ ಪ್ರಯೋಗಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಕೆನಡಾದ ಮಾರ್ಟಿನ್ ಸ್ಟೈನ್‌ಬಾಕ್ 1976ರಲ್ಲಿ ಪ್ರಕಟಿಸಿದ್ದು. ಕತ್ತಲಲ್ಲಿ ಉರುಳುವ ಗಾಲಿಯೊಂದರ ಅಂಚಿಗೆ ಮಾತ್ರ ಬೆಳಕಿನ ಚುಕ್ಕೆಗಳನ್ನು ಇಟ್ಟು ನೋಡುಗರಿಗೆ ತೋರಿಸಿದ. ದೇವಸುಗೂರಿನ ದಾರಿಯಲ್ಲಿ ರಾತ್ರಿ ಹೊತ್ತು ಸಾಗುವ ಬಂಡಿಯ ಗಾಲಿಯ ಅಂಚಿಗೆ ಎದುರುಬದುರಾಗಿ ಎರಡು ಪುಟ್ಟ ದೀಪ ಕಟ್ಟಿದರೆ ಇದೇ ಪ್ರಯೋಗವಾಗುತ್ತದೆ. ಗಾಲಿಯ ಪಟ್ಟಿ ಕಾಣದು, ಅರ ಕಾಣದು, ನಡುವಿನ ಗುಂಬವೂ ಕಾಣದು. ಎರಡು ದೀಪಗಳು ಏರುತ್ತಾ ಇಳಿಯುತ್ತಾ ಕಮಾನು ಕಮಾನಾಗಿ ಮುಂದೆ ಸಾಗುತ್ತವೆ. ಅಕ್ಷಿಪಟಲಕ್ಕೆ ಬೀಳುವುದು ಆ ಕಮಾನುಗಳು ಮಾತ್ರ. ನೋಡುವವರಿಗೆ ಕಾಣುವುದು ಉರುಳುವ ಗಾಲಿ. ಅವರ ಕಣ್ಣು ಹಿಂಬಾಲಿಸಿದ್ದೂ ನೇರವಾಗಿ ಸಾಗುವ ಗಾಲಿಯ ನಡುವನ್ನು, ಅಂದರೆ ಬೆಳಕೇ ಇಲ್ಲದ, ಬಿಂಬವೇ ಬೀಳದ ಒಂದು ಜಾಗವನ್ನು. ಚಲನೆಯನ್ನು ಗ್ರಹಿಸಿದ್ದು ಮಿದುಳು, ಕಣ್ಣು ಆ ಗ್ರಹಿಕೆಯ ಬೆನ್ನು ಹಿಡಿಯಿತು. ಇನ್ನೊಂದು ಪುರಾವೆಯನ್ನು ಯಾರು ಬೇಕಾದರೂ ಮನೆಯಲ್ಲೇ ಒರೆಗೆ ಹಚ್ಚಬಹುದು. ಬರಿಗೋಡೆಯ ಮೇಲೆ ಕಣ್ಣನ್ನು ನಯವಾಗಿ ಸರಿಸಲು ಯತ್ನಿಸಿದರೆ ಅದು ಮೆಟ್ಟಿಲು ಮೆಟ್ಟಿಲಾಗಿ ನೆಗೆಯುತ್ತದೆ, ಎಷ್ಟು ಮನಸ್ಸು ಮಾಡಿದರೂ ಹರಿಯುವುದಿಲ್ಲ. ಗೋಡೆಯ ಮುಂದೆ ಬೆರಳು ಸರಿಸಿದರೆ ಹರಿಯುತ್ತದೆ. ಪೂರ್ತಿ ಕತ್ತಲಲ್ಲಿ ನಮ್ಮದೇ ಬೆರಳನ್ನು ಆಡಿಸಿದಾಗಲೂ, ಏನೂ ಕಾಣದಿದ್ದರೂ, ಕಣ್ಣು ತಕ್ಕಮಟ್ಟಿಗೆ ಹಿಂಬಾಲಿಸುತ್ತದೆ. ಬರೀ ಇಚ್ಛೆ ಈ ಚಲನೆಯನ್ನು ಹುಟ್ಟಿಸಲಾರದು ಎಂಬ ಹಳೆಯ ಮಾತು ಸರಿ. ಆದರೆ ಅದಕ್ಕೆ ಬೇಕಾದ ಚಲನೆಯ ಸುದ್ದಿ ಅಕ್ಷಿಪಟಲದಿಂದಲೇ ಬರಬೇಕೆಂದಿಲ್ಲ, ತೋಳಿನ ಸ್ನಾಯುಗಳಿಂದ ಬಂದರೂ ನಡೆಯುತ್ತದೆ.

ಮಿದುಳಿನಲ್ಲಿ ಈ ಗ್ರಹಿಕೆ ಎಲ್ಲಿ ನಡೆಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1970ರ ನಂತರದ ಎರಡು ದಶಕಗಳಲ್ಲಿ. ಕೋತಿಯ ಮಿದುಳಿನ ಹಿಂಬದಿಯ ಪಕ್ಕದಲ್ಲಿ ಚಲನೆಗೆ ಮಾತ್ರ ವಿಶೇಷವಾಗಿ ಸ್ಪಂದಿಸುವ ಒಂದು ತುಣುಕು ಇದೆ ಎಂದು 1971ರಲ್ಲಿ ರೊನಾಲ್ಡ್ ಡಬ್ನರ್ ಮತ್ತು ಸೆಮಿರ್ ಝೆಕಿ ಒಂದು ಕಡೆ, ಜಾನ್ ಆಲ್ಮನ್ ಮತ್ತು ಜಾನ್ ಕಾಸ್ ಇನ್ನೊಂದು ಕಡೆ ಗುರುತಿಸಿದರು. ಅದನ್ನು ಎಂ.ಟಿ. ಎನ್ನುತ್ತಾರೆ. ಮನುಷ್ಯರಲ್ಲಿ ಅದಕ್ಕೆ ಸಮನಾದ ಜಾಗದ ಮಹತ್ವ 1983ರಲ್ಲಿ ಮ್ಯೂನಿಕ್‌ನಿಂದ ಬಂದ ಒಂದು ವರದಿಯಲ್ಲಿ ಮನಮುಟ್ಟುವಂತೆ ತಿಳಿಯಿತು. ಮಿದುಳಿನ ರಕ್ತನಾಳದ ತೊಂದರೆಯಿಂದ ಎರಡೂ ಬದಿಯಲ್ಲಿ ಆ ಭಾಗಕ್ಕೆ ಪೆಟ್ಟಾದ ಮಹಿಳೆಯೊಬ್ಬರಿಗೆ ಬಣ್ಣ, ಆಕಾರ ಚೆನ್ನಾಗಿಯೇ ಕಾಣುತ್ತಿದ್ದವು, ಚಲನೆ ಮಾತ್ರ ಕಾಣುತ್ತಿರಲಿಲ್ಲ. ಬಟ್ಟಲಿಗೆ ಚಹಾ ಸುರಿಯುವಾಗ ಧಾರೆ ಹೆಪ್ಪುಗಟ್ಟಿದಂತೆ ತೋರುತ್ತಿತ್ತು. ಯಾವಾಗ ನಿಲ್ಲಿಸಬೇಕೆಂದು ತಿಳಿಯುತ್ತಿರಲಿಲ್ಲ. ದಾಟಬೇಕಾದ ರಸ್ತೆಯಲ್ಲಿ ದೂರವಿದ್ದ ಕಾರು ಇದ್ದಕ್ಕಿದ್ದಂತೆ ಹತ್ತಿರ ಬಂದು ನಿಂತಿರುತ್ತಿತ್ತು. ವಿಲಿಯಂ ನ್ಯೂಸಮ್, ರಾಬರ್ಟ್ ವುರ್ಟ್ಸ್ ಮತ್ತು ಸಂಗಡಿಗರು 1985ರಲ್ಲಿ ಕೋತಿಯ ಎಂ.ಟಿ.ಯ ಪುಟ್ಟ ಭಾಗವನ್ನು ರಾಸಾಯನಿಕದಿಂದ ಕೆಡಿಸಿ ನೋಡಿದರು. ನಿಂತ ಚುಕ್ಕೆಯ ಕಡೆ ನೆಗೆಯುವುದಕ್ಕೆ ಅಡ್ಡಿಯಾಗಲಿಲ್ಲ. ಓಡುವ ಚುಕ್ಕೆಯ ವೇಗವನ್ನು ಅಂದಾಜು ಮಾಡಿ ಹೊರಡುವುದು ಮಾತ್ರ ಎಡವಟ್ಟಾಯಿತು, ಅದೂ ಕೆಟ್ಟ ಭಾಗ ನೋಡಿಕೊಳ್ಳುವ ದೃಷ್ಟಿಕ್ಷೇತ್ರದ ಜಾಗದಲ್ಲಿ ಚುಕ್ಕೆ ಇದ್ದಾಗಷ್ಟೇ.

ಇದೇ ತಂಡ 1988ರಲ್ಲಿ ಪ್ರಕಟಿಸಿದ ಕೆಲಸ ನಮ್ಮ ವಾದಕ್ಕೆ ಇನ್ನೂ ಹತ್ತಿರದ್ದು. ಕೋತಿ ಚುಕ್ಕೆಯನ್ನು ಹಿಂಬಾಲಿಸುತ್ತಿರುವಾಗ ಚುಕ್ಕೆಯನ್ನು ಕ್ಷಣಕಾಲ ಆರಿಸಿದರು. ಎಂ.ಟಿ.ಯ ಕೋಶಗಳು ಬಹುತೇಕ ಸುಮ್ಮನಾದವು. ಪಕ್ಕದ ಎಂ.ಎಸ್.ಟಿ. ಎಂಬ ಜಾಗದ ಹಲವು ಕೋಶಗಳು ಚುಕ್ಕೆ ಇಲ್ಲದಿದ್ದರೂ ಮಿಡಿಯುತ್ತಲೇ ಇದ್ದವು. ಬಿಂಬದ ಸುದ್ದಿಗೆ ಮಿದುಳಿನ ಸ್ವಂತ ಆಜ್ಞೆಯ ಸುದ್ದಿ ಬೆರೆಯುವ ಜಾಗ ಹೀಗೆ ಕೈಗೆ ಸಿಕ್ಕಿತು. ಗುರಿ ಮರೆಯಾದಾಗ ಮನುಷ್ಯರ ಕಣ್ಣಿನ ವೇಗವೂ ಕುಗ್ಗುತ್ತದೆ, ಆದರೆ ಗುರಿ ಮರಳಿ ಬರುವುದೆಂಬ ನಿರೀಕ್ಷೆ ಇರುವತನಕ ನಿಂತುಬಿಡುವುದಿಲ್ಲ. ಉಳಿದ ಹಾದಿಯನ್ನು ಚುಟುಕಾಗಿ ಹೇಳಬಹುದು. ಈ ಜಾಗಗಳಿಂದಲೂ ಹಣೆಯ ಹಿಂದಿನ ಮಿದುಳ ಭಾಗದಿಂದಲೂ ಸುದ್ದಿ ಮಿದುಳುಕಾಂಡದ ಪಾನ್ಸ್‌ಗೆ ಇಳಿಯುತ್ತದೆ, ಅಲ್ಲಿಂದ ಕಿರುಮಿದುಳಿಗೆ ಹೋಗುತ್ತದೆ, ಕಿರುಮಿದುಳು ಅದನ್ನು ಹದಗೊಳಿಸಿ ಕಣ್ಣಿನ ಸ್ನಾಯುಗಳ ನರಕೋಶಗಳಿಗೆ ದಾಟಿಸುತ್ತದೆ. ವೆಸ್ಟ್‌ಹೈಮರ್ ಮತ್ತು ಬ್ಲೇರ್ 1974ರಲ್ಲಿ ಕಂಡಂತೆ ಕಿರುಮಿದುಳನ್ನು ತೆಗೆದ ಕೋತಿ ಕಣ್ಣು ನೆಗೆಯಬಲ್ಲದು, ನಯವಾಗಿ ಹಿಂಬಾಲಿಸಲಾರದು. ಈ ಪ್ರಯೋಗಗಳಲ್ಲಿ ಪ್ರಾಣಿಗಳು ತೆತ್ತ ಬೆಲೆಯನ್ನು ಮರೆಯದೆಯೇ ಈ ಅರಿವನ್ನು ಬಳಸಬೇಕು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಮುಂದಾಲೋಚನೆ ಇಷ್ಟು ಚೆನ್ನಾಗಿದ್ದರೆ ವೇಗದ ಚೆಂಡನ್ನು ಕ್ರಿಕೆಟ್ ಬ್ಯಾಟ್ಸ್‌ಮನ್ ಕೊನೆಯವರೆಗೂ ಹಿಂಬಾಲಿಸಬೇಕಿತ್ತು. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬೌಲರನ ಕೈಯಿಂದ ಬ್ಯಾಟಿಗೆ ಬರಲು ಸುಮಾರು ಅರ್ಧ ಸೆಕೆಂಡು ಸಾಕು, ಹತ್ತಿರ ಬಂದಂತೆ ಅದರ ಕೋನವೇಗ ಕಣ್ಣಿನ ಶಕ್ತಿ ಮೀರುತ್ತದೆ. 2000ದಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಲಿಯಾಡ್ ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ ನೋಡಿದಾಗ, ಅವರು ಚೆಂಡು ಹೊರಡುವುದನ್ನು ನೋಡಿ, ಅದು ಪುಟಿಯಲಿರುವ ಜಾಗಕ್ಕೆ ಮೊದಲೇ ಕಣ್ಣನ್ನು ನೆಗೆಸಿ ಕಾಯುತ್ತಿದ್ದರು. ಚೆಂಡು ಪುಟಿದ ಮೇಲೆ ಸ್ವಲ್ಪ ಹೊತ್ತು ಹಿಂಬಾಲಿಸುತ್ತಿದ್ದರು. ಹೆಚ್ಚು ನುರಿತವರ ನೆಗೆತ ಹೆಚ್ಚು ಬೇಗ. ರಾಯಚೂರಿನಲ್ಲಿ ಹುಟ್ಟಿ ರೈಲ್ವೇಸ್ ಮತ್ತು ಕರ್ನಾಟಕ ತಂಡಗಳಿಗೆ ಆಡಿದ ಯರೇಗೌಡರಂಥ ನಿಧಾನಿ, ಗಟ್ಟಿ ಬ್ಯಾಟ್ಸ್‌ಮನ್‌ಗಳೂ ನಂಬಬೇಕಾದದ್ದು ಈ ಮುನ್ನೋಟವನ್ನೇ. ಈ ಸೀಮೆಯ ಜಾತ್ರೆಗಳಲ್ಲಿ ತೇರಿನ ಕಳಸಕ್ಕೆ ಉತ್ತತ್ತಿ ಎಸೆಯುವ ಭಕ್ತರ ಕಣ್ಣೂ ಎಸೆದ ಉತ್ತತ್ತಿಯನ್ನು ತುಸು ದೂರ ಹಿಂಬಾಲಿಸಿ ಕಳಸದ ಕಡೆ ಮೊದಲೇ ನೆಗೆದಿರುತ್ತದೆ. ಆದ್ದರಿಂದ ಆಕ್ಷೇಪ ವಾದವನ್ನು ಕೆಡವುವುದಿಲ್ಲ. ಬೆನ್ನಟ್ಟುವಿಕೆಯ ವೇಗಕ್ಕೆ ಮಿತಿಯಿದೆ. ಅದು ಕೈಕೊಟ್ಟಲ್ಲಿ ನೆಗೆತ ಬರುತ್ತದೆ, ಅಂದಾಜು ಎರಡಕ್ಕೂ ಒಂದೇ ಕಣಜದಿಂದ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ಆದಿತ್ಯ ಮೂರ್ತಿಯವರ ಪ್ರಯೋಗಾಲಯ ನೆಗೆತಗಳನ್ನು ಮಿದುಳು ಹೇಗೆ ಯೋಜಿಸುತ್ತದೆ, ಕಣ್ಣು ಕೈಗಳನ್ನು ಹೇಗೆ ಜೊತೆಗೂಡಿಸುತ್ತದೆ ಎಂಬುದನ್ನು ಅಧ್ಯಯನ ಮಾಡುತ್ತಾ ಬಂದಿದೆ. ಈ ಚರ್ಚೆ ಕನ್ನಡನಾಡಿಗೆ ದೂರದ್ದೇನಲ್ಲ.

ಈ ಚರಿತ್ರೆಯಲ್ಲಿ ಮರೆತು ಮತ್ತೆ ನೆನಪಾದ ಒಂದು ಅಧ್ಯಾಯವಿದೆ. 1908ರಲ್ಲಿ ಡಾಜ್ ತನ್ನ ಕ್ಯಾಮೆರಾವನ್ನು ಮನೋವೈದ್ಯ ಆಲನ್ ಡೀಫೆನ್‌ಡಾರ್ಫ್ ಜೊತೆ ಮಾನಸಿಕ ಆಸ್ಪತ್ರೆಗೆ ಒಯ್ದ. ಇಂದು ಸ್ಕಿಜೋಫ್ರೇನಿಯಾ ಎನ್ನುವ ಕಾಯಿಲೆಯ ರೋಗಿಗಳು ತೂಗುವ ಲೋಲಕವನ್ನು ಹಿಂಬಾಲಿಸುವಾಗ ಫಲಕದ ಮೇಲೆ ಬಳುಕುವ ಗೆರೆಯ ಬದಲು ಕತ್ತರಿಸಿದಂಥ ಗೆರೆ ಮೂಡಿತು. ಆ ಪ್ರಬಂಧ ಆರು ದಶಕಕ್ಕೂ ಹೆಚ್ಚು ಕಾಲ ಮೂಲೆಗೆ ಬಿದ್ದಿತ್ತು. 1973ರಲ್ಲಿ ಷಿಕಾಗೊದ ಫಿಲಿಪ್ ಹೋಲ್ಜ್‌ಮನ್ ಮತ್ತು ಸಂಗಡಿಗರು ಅದೇ ಲೋಲಕದಿಂದ ಅದನ್ನೇ ಮತ್ತೆ ಕಂಡರು. ಮರುವರ್ಷ ರೋಗವಿಲ್ಲದ ಅಣ್ಣತಮ್ಮಂದಿರು, ತಂದೆತಾಯಿಗಳಲ್ಲೂ ಗಣನೀಯ ಪಾಲು ಜನರಲ್ಲಿ ಇದೇ ಕತ್ತರಿಸಿದ ಹಿಂಬಾಲನೆ ಇದೆ ಎಂದು ವರದಿ ಮಾಡಿದರು. ಇದು ಔಷಧಿಯ ಪರಿಣಾಮ ಎಂಬ ಸಂಶಯ ಸಹಜ, ಏಕೆಂದರೆ ಮನೋರೋಗದ ಹಲವು ಮದ್ದುಗಳು ಕಣ್ಣಿನ ಚಲನೆಯನ್ನು ಕದಡುತ್ತವೆ. ಆದರೆ ಮೊದಲ ಮನೋವಿಕಾರ ನಿರೋಧಕ ಮದ್ದು ಕ್ಲೋರ್‌ಪ್ರೊಮಝೀನ್ ಬಳಕೆಗೆ ಬಂದದ್ದೇ 1952ರಲ್ಲಿ. 1908ರ ರೋಗಿಗಳಿಗೆ ಅದು ಸಿಕ್ಕಿರಲು ಸಾಧ್ಯವಿಲ್ಲ, ಮದ್ದು ಸೇವಿಸದ ಬಂಧುಗಳಿಗೂ ಈ ಮಾತು ಹೊಂದದು. ಗಮನ ಚದುರಿದ್ದರಿಂದ ಹೀಗಾಯಿತು ಎಂಬ ಇನ್ನೊಂದು ವಿವರಣೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಬೆನ್ನಟ್ಟುವಿಕೆ ಬರೀ ಪ್ರತಿಕ್ರಿಯೆಯಾಗಿದ್ದರೆ ಗಮನಕ್ಕೆ ಅದರಲ್ಲಿ ಇಷ್ಟು ಪಾತ್ರವೇ ಇರುತ್ತಿರಲಿಲ್ಲ ಎಂಬುದನ್ನಂತೂ ಆ ವಿವರಣೆಯೂ ಒಪ್ಪಬೇಕಾಗುತ್ತದೆ. ಹಿಂಬಾಲನೆ ಕತ್ತರಿಸಿದಂತಿದ್ದ ಮಾತ್ರಕ್ಕೆ ಯಾರನ್ನೂ ಸ್ಕಿಜೋಫ್ರೇನಿಯಾ ರೋಗಿ ಎನ್ನುವಂತಿಲ್ಲ. ಅದು ರೋಗನಿರ್ಣಯದ ಪರೀಕ್ಷೆಯಲ್ಲ. 1974ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆಯಿತು. ಉತ್ತರ ಕರ್ನಾಟಕದ ದೂರದ ತಾಲ್ಲೂಕುಗಳಿಂದ ಅಲ್ಲಿಗೆ ರೋಗಿಗಳನ್ನು ಕರೆತರುವ ಕುಟುಂಬಗಳಿಗೆ, ಇದು ರೋಗನಿರ್ಣಯದ ಪರೀಕ್ಷೆಯಲ್ಲ ಎಂಬ ಮಾತನ್ನು ಸ್ಪಷ್ಟವಾಗಿ ಹೇಳಬೇಕು. ವಂಶದಲ್ಲಿ ಹರಿದು ಬರುವ ಲಕ್ಷಣವೆಂಬ ಒಂದು ಮಾತು ಒಂದು ಮನೆಯ ಮದುವೆ ಸಂಬಂಧಗಳನ್ನೇ ಮುರಿಯಬಲ್ಲದು.

ನರರೋಗಗಳ ವಿಷಯದಲ್ಲಿ ಈ ಚಲನೆಯ ಉಪಯೋಗ ಹೆಚ್ಚು ನೇರವಾದದ್ದು, ಅದಕ್ಕೆ ಬೆರಳೊಂದಿದ್ದರೆ ಸಾಕು. ರಾಯಚೂರಿನ ರಿಮ್ಸ್ ಇರಲಿ, ಮಾನ್ವಿ ಅಥವಾ ದೇವದುರ್ಗದ ತಾಲ್ಲೂಕು ಆಸ್ಪತ್ರೆ ಇರಲಿ, ವೈದ್ಯರು ರೋಗಿಯ ಮುಂದೆ ಬೆರಳು ಹಿಡಿದು, "ತಲಿ ಅಲ್ಲಾಡಿಸಬ್ಯಾಡ್ರಿ, ಬೆರಳಷ್ಟೇ ನೋಡ್ರಿ" ಎಂದು ಅದನ್ನು ಅತ್ತಿತ್ತ ಸರಿಸುತ್ತಾರೆ. ಬೆರಳು ಸುಮಾರು ಅರ್ಧ ಮೀಟರ್ ದೂರದಲ್ಲಿರಬೇಕು, ಸೆಕೆಂಡಿಗೆ ಅರ್ಧ ಗೇಣಿನಿಂದ ಮುಕ್ಕಾಲು ಗೇಣು ಸರಿದರೆ ಸರಿ. ಇದಕ್ಕಿಂತ ಬಹಳ ವೇಗವಾಗಿ ಆಡಿಸಿದರೆ ಆರೋಗ್ಯವಂತರ ಕಣ್ಣೂ ಹಿಂದೆ ಬಿದ್ದು ನೆಗೆದು ಹಿಡಿಯುತ್ತದೆ, ಪರೀಕ್ಷೆಯೇ ವ್ಯರ್ಥ. ಎರಡೂ ದಿಕ್ಕಿಗೆ ಸಮನಾಗಿ ಮುಕ್ಕಾದ ಹಿಂಬಾಲನೆ ಕಂಡರೆ ಅವಸರದ ತೀರ್ಮಾನ ಸಲ್ಲದು. ವಯಸ್ಸು, ನಿದ್ದೆಗೇಡು, ಮದ್ಯ, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ನಿದ್ರೆಗೆ ಕೊಡುವ ಡಯಜೆಪಾಮ್ ಇವೆಲ್ಲವೂ ಅದನ್ನು ಮಾಡಬಲ್ಲವು. ಒಂದೇ ದಿಕ್ಕಿಗೆ, ಉದಾಹರಣೆಗೆ ಬಲಕ್ಕೆ ಸರಿಯುವಾಗ ಮಾತ್ರ ಕಣ್ಣು ಮೆಟ್ಟಿಲು ಮೆಟ್ಟಿಲಾಗಿ ಸಾಗಿದರೆ ವಿಷಯ ಬೇರೆ. ಬಲಗಡೆ ಬೆನ್ನಟ್ಟುವ ಆಜ್ಞೆ ಬಹುಪಾಲು ಬಲ ಮಿದುಳಿನ ಹಿಂಭಾಗದಿಂದಲೇ ಹೊರಡುವುದರಿಂದ, ಆ ಬದಿಯ ಮಿದುಳಿನಲ್ಲಿ ಅಥವಾ ಅದರ ಕೆಳಗಿನ ಹಾದಿಯಲ್ಲಿ ಪೆಟ್ಟಿದೆಯೇ ಎಂದು ಸ್ಕ್ಯಾನ್ ಮಾಡಿಸಿ ನೋಡಲು ಅಷ್ಟು ಕಾರಣ ಸಾಕು.